ಓನರಮ್ಮನ ಕೋಲು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಓನರಮ್ಮನ ಊರುಗೋಲು ನನ್ನ ಮಗಳ ಮೊಣಕೈ ಮೇಲೆ ಬಿತ್ತು. ಒಣಗಿದ ತೇಗದ ಕೋಲು. ಹಿಡಿಯುವ ಕಡೆ ಅವರ ಅಂಗೈ ಉಜ್ಜಿ ಉಜ್ಜಿ ಹುಣಸೆ ಬೀಜದ ಹಾಗೆ ಹೊಳೆಯುತ್ತಿತ್ತು, ತುದಿಗೆ ಕಪ್ಪು ರಬ್ಬರಿನ ಬಿರಡೆ. ಪೆಟ್ಟಿನ ಸದ್ದು ಮೊದಲು ಬಂತು, ಮಗಳ ಅಳು ಆಮೇಲೆ. ನಡುವೆ ಒಂದು ಕ್ಷಣ ಏನೂ ಇರಲಿಲ್ಲ. ಆ ಕ್ಷಣದೊಳಗೆ ನಾನು ಈಗಲೂ ಹೋಗಿ ಹೋಗಿ ನಿಲ್ಲುತ್ತೇನೆ. ಗೋಡೆಯ ಗಡಿಯಾರವನ್ನು ಆಗ ಯಾಕೆ ನೋಡಿದೆನೋ ಗೊತ್ತಿಲ್ಲ. ನನ್ನ ಬಾಯಿಗೆ ಬಂದಿದ್ದು ಬೈಗುಳ. ಆರು ವರ್ಷದ ಕೂಸಿಗೆ ಹೀಗೆ ಹೊಡೆಯಲು ನೀವು ಯಾರು ಎಂದು ಕೇಳುವವಳಿದ್ದೆ.

"ಆಮ್ಯಾಲ ಬೈಯಿ ನನ್ನ," ಎಂದರು ಓನರಮ್ಮ. ಕೋಲು ಹಿಡಿಯದ ಕೈಯಲ್ಲಿ ಮಗಳ ಜಡೆ ಹಿಡಿದು ಒಳಗೆ ಎಳೆದುಕೊಂಡಿದ್ದರು. "ಮೊದಲು ಮೇನ್ ಬಂದ್ ಮಾಡು. ಓಡಮ್ಮಾ!"

ಬಳ್ಳಾರಿಯ ಪಾರ್ವತಿನಗರದ ಆ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದಾಗ ಅವರ ಹೆಸರನ್ನು ಯಾರೂ ಹೇಳಲಿಲ್ಲ. ತರಕಾರಿಯವನಿಂದ ಹಿಡಿದು ಅವರ ಸ್ವಂತ ಸೊಸೆಯವರೆಗೆ ಎಲ್ಲರಿಗೂ ಅವರು ಓನರಮ್ಮ. ಕೆಳಗಿನ ಮನೆಯಲ್ಲಿ ಮಗ-ಸೊಸೆಯ ಜೊತೆ ಇದ್ದರು. ಮಗನಿಗೆ ಕೌಲ್ ಬಜಾರಿನಲ್ಲಿ ಆಟೊ ಬಿಡಿಭಾಗಗಳ ಅಂಗಡಿ. ನಾನೂ ಅದೇ ಕೌಲ್ ಬಜಾರಿನ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಮಗ ಕಾಗದದಲ್ಲಿ ಸುತ್ತಿದ ಮಿರ್ಚಿ ಬಜ್ಜಿ ತಂದುಕೊಟ್ಟರೆ ಓನರಮ್ಮ ಮಂಡಕ್ಕಿ ಒಗ್ಗಾಣಿಯ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಂಡಿ ನೋವು, ಮೂರನೇ ಮೆಟ್ಟಿಲಿಗಿಂತ ಮೇಲೆ ಹತ್ತುತ್ತಿರಲಿಲ್ಲ. ಅಲ್ಲಿ ಕುಳಿತೇ ಇಡೀ ಓಣಿಯನ್ನು ಆಳುತ್ತಿದ್ದರು. ದೇವರಿಗೆ ಕನ್ನಡ, ಬೈಗುಳಕ್ಕೆ ತೆಲುಗು. ಬೆಕ್ಕನ್ನು ಕರೆಯುವುದೂ ತೆಲುಗಿನಲ್ಲೇ: "ಏಮೇ ದೊಂಗಾ!" ದೊಂಗ ಅಂದರೆ ಕಳ್ಳ. ಅವರ ಮಟ್ಟಿಗೆ ಎಲ್ಲ ಬೆಕ್ಕುಗಳೂ ಕಳ್ಳರೇ. ಹಾಗಂತ ಬೇರೆ ಯಾರಾದರೂ ಬೆಕ್ಕನ್ನು ಕಳ್ಳ ಎಂದರೆ ಅವರಿಗೆ ಆಗುತ್ತಿರಲಿಲ್ಲ.

ಅವರ ತವರು ಸಿರುಗುಪ್ಪ. ತಂದೆಯದು ಅಕ್ಕಿ ಗಿರಣಿ. ಬತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹಾಗಾಗಿ ತೊಟ್ಟಿಲಿನಿಂದಲೇ ಬೆಕ್ಕುಗಳ ನಡುವೆ ಬೆಳೆದವರು. "ನಮ್ಮವ್ವನ ಮಾರಿ ನೋಡೂಕಿಂತ ಮೊದಲು ನಾನು ಬೆಕ್ಕಿನ ಮಾರಿ ನೋಡೀನಿ," ಎನ್ನುತ್ತಿದ್ದರು. ಅದು ಸುಳ್ಳೇ ಇರಬೇಕು. ಆದರೆ ಹೇಳುವ ಧಾಟಿಗೆ ಯಾರೂ ಎದುರಾಡುತ್ತಿರಲಿಲ್ಲ.

ನಮ್ಮ ಮನೆಗೆ ಬೆಕ್ಕು ಬಂದದ್ದು ತಾನಾಗಿಯೇ. ಶೇಂಗಾ ಸಿಪ್ಪೆಯ ಬಣ್ಣ, ಅದಕ್ಕೇ ಮಗಳು ಶೇಂಗಿ ಎಂದು ಕರೆದಳು. ಒಂದು ಸಂಜೆ ಅದು ನನ್ನ ಕಾಲಿಗೆ ಕೆನ್ನೆ ತಿಕ್ಕುತ್ತ ಸುತ್ತಿದಾಗ, ಎಷ್ಟು ಪ್ರೀತಿ ನೋಡಿ ಎಂದೆ. ಓನರಮ್ಮ ಮಿರ್ಚಿಯ ತೊಟ್ಟು ಕಿತ್ತೆಸೆದು ನಕ್ಕರು.

"ಪ್ರೀತಿ ಅಲ್ಲಮ್ಮಾ ಅದು. ನಮ್ಮಪ್ಪ ಅಕ್ಕಿ ಚೀಲಕ್ಕ ಮುದ್ರಿ ಒತ್ತಿದಂಗ ನಿನ್ನ ಕಾಲಿಗೆ ತನ್ನ ವಾಸನಿ ಒತ್ತಾಕತ್ತೈತಿ. ಇವತ್ತಿಂದ ನೀನು ಅದರ ಮಾಲು."

ಶೇಂಗಿ ತೊಡೆಯೇರಿ ಮುಂಗಾಲುಗಳಿಂದ ಹಿಟ್ಟು ನಾದುವಂತೆ ಒತ್ತುವಾಗ ಉಗುರು ತಾಗಿ ನಾನು ಕೊಸರಾಡಿದರೆ ಗದರುತ್ತಿದ್ದರು: "ಸುಮ್ಮ ಕುಂದ್ರು. ಮರಿ ಇದ್ದಾಗ ಹಾಲು ಇಳೀಲಿ ಅಂತ ಅವ್ವನ ಹೊಟ್ಟಿ ಹಿಂಗ ಒತ್ತಿರತೈತಿ. ದೊಡ್ಡದಾದ್ರೂ ಕಾಲು ಅದನ್ನ ಮರತಿಲ್ಲ." ಬಟ್ಟಲಿಗೆ ಹಾಲು ಹಾಕಲು ಬಿಡುತ್ತಿರಲಿಲ್ಲ, ಬೆಳೆದ ಬೆಕ್ಕಿಗೆ ಹೊಟ್ಟೆ ಕೆಡುತ್ತದೆ ಎಂದು. ಹೊಟ್ಟೆ ತುಂಬಿದ ಮೇಲೂ ಅದು ಹಲ್ಲಿಯ ಹಿಂದೆ ಬಿದ್ದರೆ, "ಹಸಿವು ಬ್ಯಾರೆ, ಬ್ಯಾಟಿ ಬ್ಯಾರೆ. ಹೊಟ್ಟಿ ತುಂಬಿದ್ರ ಕಣ್ಣು ತುಂಬತೈತೇನು?" ಎನ್ನುವರು. ನಮ್ಮತ್ತ ನೋಡಿ ನಿಧಾನ ಕಣ್ಣು ಮುಚ್ಚಿ ತೆರೆದರೆ ನಂಬಿದೆ ಎಂದರ್ಥವಂತೆ. ತಾವೂ ಕಣ್ಣು ಮುಚ್ಚಿ ತೆರೆದು ಉತ್ತರ ಕೊಡುತ್ತಿದ್ದರು. ಅದನ್ನು ಯಾರಾದರೂ ನೋಡಿದರೆ ಕಣ್ಣಿಗೆ ಧೂಳು ಬಿತ್ತು ಎಂದು ಸೆರಗಿನಿಂದ ಒರೆಸಿಕೊಳ್ಳುವ ನಾಟಕ.

ಎಲ್ಲವೂ ಸರಿಯಿತ್ತು ಅಂತಲ್ಲ. ಬೆಕ್ಕು ಬಾಗಿಲಿಗೆ ಮುಖ ಮಾಡಿ ಕಿವಿ ದಾಟಿಸಿ ಮುಖ ತೊಳೆದರೆ ನೆಂಟರು ಬರುತ್ತಾರೆ ಎಂದು ಅವರು ಬಲವಾಗಿ ನಂಬಿದ್ದರು. ಸೊಸೆಗೆ ಹೇಳಿ ಎರಡು ಪಾವು ಅಕ್ಕಿ ಹೆಚ್ಚು ಹಾಕಿಸುತ್ತಿದ್ದರು. ನೆಂಟರು ಬರುತ್ತಿರಲಿಲ್ಲ. ಮರುದಿನ ಬೆಳಗ್ಗೆ ಎರಡೂ ಮನೆಗೆ ಚಿತ್ರಾನ್ನ. "ಹೊರಟಿದ್ರು, ದಾರ್ಯಾಗ ಏನೋ ಆಗಿರಬೇಕು," ಎಂದು ಅವರು ಆ ಕಾಣದ ನೆಂಟರ ಪರ ವಹಿಸುವರು.

ಬೇಸಿಗೆ ಇನ್ನೂ ಏರುವ ಮೊದಲು ಶೇಂಗಿ ನಮ್ಮ ಬಾಲ್ಕನಿಯಲ್ಲಿ, ಗೋಡೆಗೆ ಬಿಗಿದಿದ್ದ ಕೂಲರಿನ ಕಬ್ಬಿಣದ ಸ್ಟ್ಯಾಂಡಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ನಾಲ್ಕು ಮರಿ ಹಾಕಿತು. ಅಲ್ಲಿ ಕತ್ತಲಿತ್ತು, ಮೂಲೆಯಿತ್ತು, ಸದ್ದಿರಲಿಲ್ಲ. ಮರಿಗಳು ಕಣ್ಣು ಬಿಡುವ ಹೊತ್ತಿಗೆ ಬಿಸಿಲು ಬಳ್ಳಾರಿಯ ಬಿಸಿಲಾಯಿತು. ನಾವು ಕೂಲರಿಗೆ ನೀರು ತುಂಬಿ ಸ್ವಿಚ್ ಹಾಕಿದೆವು. ತೊಟ್ಟಿಯಿಂದ ನೀರು ಜಿನುಗುತ್ತಿತ್ತು. ಪೆಟ್ಟಿಗೆ ನೆನೆಯಬಾರದೆಂದು ಕೆಳಗೆ ದಪ್ಪ ಗೋಣಿಚೀಲ ಮಡಿಸಿ ಹಾಕಿದೆವು. ಮನೆಯಲ್ಲೆಲ್ಲ ತಂಪಾದ ಜಾಗ ಅದೇ. ಮರಿಗಳಿಗೆ ಪುಣ್ಯ ಎಂದುಕೊಂಡೆವು.

ಆವತ್ತಿನಿಂದಲೇ ಶೇಂಗಿ ಮರಿ ಹೊರಲು ಶುರು ಮಾಡಿತು. ಒಂದು ದಿನ ಮಂಚದ ಕೆಳಗೆ, ಇನ್ನೊಂದು ದಿನ ಗ್ರೈಂಡರಿನ ಹಿಂದೆ, ಮತ್ತೊಂದು ದಿನ ಅಟ್ಟದ ಮೇಲೆ. ಕುರುಗೋಡಿನಿಂದ ನಮ್ಮತ್ತೆ ಬಂದಿದ್ದರು. ಅವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬೆಕ್ಕು ಮರಿ ಹಾಕಿದರೆ ಏಳು ಮನೆ ತೋರಿಸಬೇಕು, ಅದು ಶಾಸ್ತ್ರ. ಏಳು ತುಂಬದಿದ್ದರೆ ಮರಿಗಳಿಗೆ ಏಳಿಗೆಯಿಲ್ಲ.

"ಇದು ನಾಲ್ಕನೇದು ನೋಡವ್ವಾ," ಎಂದು ಅವರು ಮೊಮ್ಮಗಳಿಗೆ ಎಣಿಸಿ ತೋರಿಸುವರು. ಮಗಳಿಗೆ ಅದೊಂದು ಆಟ. ಅಟ್ಟದ ಮೇಲೆ ಸೆಕೆಯೆಂದು ಮರಿಗಳನ್ನು ಲಂಗದಲ್ಲಿ ತುಂಬಿಕೊಂಡು ಮತ್ತೆ ಕೂಲರಿನ ಕೆಳಗೆ ತಂದಿಡುವಳು. ಶೇಂಗಿ ಮತ್ತೆ ಒಯ್ಯುವುದು. ಹಾಗೆ ವಾಪಸ್ ತಂದಿಟ್ಟದ್ದು ಒಂದು ಮನೆಯ ಲೆಕ್ಕವೋ ಅಲ್ಲವೋ ಎಂದು ಅತ್ತೆ ಕೆಳಗಿಳಿದು ಓನರಮ್ಮನನ್ನೇ ಕೇಳಿದರು.

"ನೀವ್ ಒಳ್ಳೇರಿ ಬಿಡ್ರಿ," ಎಂದರು ಓನರಮ್ಮ. "ಬೆಕ್ಕಿಗೆ ಎಣಿಕಿ ಬರತೈತೇನು? ನಮ್ಮ ಗಿರಣ್ಯಾಗ ಒಂದು ಬೆಕ್ಕು ಮರಿ ದೊಡ್ಡವಾಗೂತನ ಒಂದ ಮೂಲ್ಯಾಗ ಇತ್ತು. ಇನ್ನೊಂದು ಬೆಳಗಿನಿಂದ ಸಂಜಿತನ ಜಾಗ ಬದಲಿ ಮಾಡ್ತಾನ ಇತ್ತು. ಹೋಗಿ ನೋಡಿದ್ರ ಅಲ್ಲಿ ಕೆಂಪಿರುವಿ. ಅದು ಮನಿ ತೋರಸಂಗಿಲ್ಲಕ್ಕಾ, ಮನಿ ಬಿಡತೈತಿ. ಯಾಕ ಬಿಡತೈತಿ, ಅದನ್ನ ನೋಡ್ರಿ."

"ನಮ್ಮೂರಾಗ ಏಳು ಮನಿ ಅಂತಾರಪ್ಪ," ಎಂದರು ಅತ್ತೆ, ಸೋಲದೆ.

"ನಿಮ್ಮೂರಿನ ಬೆಕ್ಕು ಸಾಲಿ ಕಲತಿರಬೇಕು."

ಅತ್ತೆಯೂ ನಕ್ಕರು, ನಾನೂ ನಕ್ಕೆ. ಓನರಮ್ಮ ಮಾತ್ರ ನಗುತ್ತಲೇ ಇನ್ನೊಂದು ಮಾತು ಹೇಳಿದರು: "ನೆಲ ಸುಡೂ ಹೊತ್ತಿನ್ಯಾಗ ಯಾವ ತಾಯಿನೂ ಮರಿ ಹೊರಂಗಿಲ್ಲ. ಇದು ಬೆಳಿಗ್ಗೆ ಸುಮ್ಮ ಇರತೈತಿ, ಮಧ್ಯಾಹ್ನನ ಯಾಕ ಒಯ್ಯತೈತಿ?"

ಮಧ್ಯಾಹ್ನ ಮಾತ್ರ ನಾವು ಕೂಲರ್ ಹಾಕುತ್ತಿದ್ದೆವು. ಈಗ ಬರೆಯುವಾಗ ಎರಡು ವಾಕ್ಯಗಳೂ ಅಕ್ಕಪಕ್ಕದಲ್ಲೇ ಇವೆ. ಆಗ ಒಂದು ಮೆಟ್ಟಿಲ ಮೇಲಿತ್ತು, ಇನ್ನೊಂದು ಮಹಡಿಯಲ್ಲಿತ್ತು.

ಇನ್ನೂ ಇವೆ. ಶೇಂಗಿ ಬಾಲ್ಕನಿಯ ಒದ್ದೆ ನೆಲಕ್ಕೆ ಕಾಲಿಟ್ಟು ತಟ್ಟನೆ ಎತ್ತಿ ಝಾಡಿಸುತ್ತಿತ್ತು. ಬೆಕ್ಕಿಗೆ ನೀರು ಆಗುವುದಿಲ್ಲವಲ್ಲ ಎಂದುಕೊಂಡೆ. ಸ್ಟ್ಯಾಂಡಿನ ಕಾಲ ಬಳಿ ಒಂದು ಗುಬ್ಬಿ ಸತ್ತು ಬಿದ್ದಿತ್ತು. ಶೇಂಗಿ ನಮಗೆ ಉಡುಗೊರೆ ತಂದಿದೆ ಎಂದು ಮಗಳು ಕುಣಿದಳು. ಬೇಟೆ ತಂದು ಯಜಮಾನರ ಮುಂದಿಡುವುದು ಅದರ ಗುಣ ಎಂದು ಓನರಮ್ಮನೇ ಹೇಳಿದ್ದರಲ್ಲ. ಕಾಗದದಲ್ಲಿ ಸುತ್ತಿ ಕೆಳಗೆ ಒಯ್ದು ತೋರಿಸಿದರೆ ಅವರು ಕೋಲಿನ ತುದಿಯಿಂದ ಹೊರಳಿಸಿ, "ಹಲ್ಲಿನ ಗುರುತ ಇಲ್ಲ. ಒಂದು ಪುಕ್ಕನೂ ಉದುರಿಲ್ಲ. ಇದು ನಮ್ಮ ದೊಂಗನ ಕೆಲಸ ಅಲ್ಲ," ಎಂದರು. ಬಿಸಿಲಿಗೆ ಸತ್ತಿರಬೇಕು ಎಂದೆ ನಾನು. ಅವರೂ ಇರಬಹುದು ಎಂದರು. ಅಷ್ಟಕ್ಕೇ ಬಿಟ್ಟೆವು.

ಆ ದಿನ ಭಾನುವಾರ. ನನ್ನ ಗಂಡ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ, ಸಿರುಗುಪ್ಪದ ಕಡೆ ಬತ್ತ ನೋಡಲು ಹೋಗಿದ್ದರು. ಅತ್ತೆ ಊಟ ಮಾಡಿ ಮಲಗಿದ್ದರು. ನಾನು ನಡುಮನೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಕೂಲರ್ ತಿರುಗುತ್ತಿತ್ತು. ಶೇಂಗಿ ಸ್ಟ್ಯಾಂಡಿನ ಕೆಳಗಿನಿಂದ ಮೂರು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು, ಈ ಸಲ ನಮ್ಮ ಮನೆಯನ್ನೇ ಬಿಟ್ಟು, ಮೆಟ್ಟಿಲಿಳಿದು ಓನರಮ್ಮನ ಮಂಚದ ಕೆಳಗೆ ಇಟ್ಟು ಬಂದಿತ್ತು. ನಾಲ್ಕನೆಯದು ಪೆಟ್ಟಿಗೆಯಿಂದ ತೆವಳಿ ಗೋಣಿಚೀಲದ ಹಿಂದಿನ ಮಡಿಕೆಗೆ ಸೇರಿ ಅರಚುತ್ತಿತ್ತು. ಅಷ್ಟರಲ್ಲಿ ನೀರು ಹರಡಿ ಬಾಲ್ಕನಿಯ ಹೊಸ್ತಿಲವರೆಗೂ ಬಂದಿತ್ತು. ಶೇಂಗಿ ಆ ಹೊಸ್ತಿಲ ಈಚೆ ನಿಂತು ಕೂಗುತ್ತಿತ್ತು. ಬೆಕ್ಕು ಹಾಗೆ ಕೂಗಿದ್ದನ್ನು ಅದಕ್ಕೆ ಮೊದಲು ನಾನು ಕೇಳಿಲ್ಲ.

"ಅಮ್ಮಾ, ಶೇಂಗಿಗೆ ಒದ್ದೆ ಅಂದ್ರೆ ಆಗಲ್ಲ, ನಾನು ತಂದುಕೊಡ್ತೀನಿ," ಎಂದಳು ಮಗಳು. ಯಾವಾಗಲೂ ಅವಳ ಕಾಲಲ್ಲಿ ರಬ್ಬರ್ ಚಪ್ಪಲಿ ಇರುತ್ತಿತ್ತು. ಹಿಂದಿನ ದಿನ ಅದರ ಉಂಗುಟ ಕಿತ್ತಿತ್ತು.

ನಾನು ಹೂಂ ಎಂದೆ.

ಕೋಲಿನ ಸದ್ದು ಮೆಟ್ಟಿಲ ಮೇಲೆ ಕೇಳಿತು. ಬೆಕ್ಕಿನ ಆ ಕೂಗಿಗೆ ಓನರಮ್ಮ ಮೇಲೆ ಹತ್ತಿ ಬರುವುದೇ? ತಲೆಯೆತ್ತಿ ನೋಡುವಷ್ಟರಲ್ಲಿ ಅವರು ಬಾಲ್ಕನಿಯ ಬಾಗಿಲಲ್ಲಿದ್ದರು, ಏದುಸಿರು, ಸೆರಗು ಜಾರಿತ್ತು. ಅವರ ಕಣ್ಣು ನನ್ನನ್ನು ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಬೆಕ್ಕನ್ನು ನೋಡಿತು. ಬಾಟಲಿ ತೊಳೆಯುವ ಬ್ರಷ್ಷಿನಂತೆ ಉಬ್ಬಿದ ಬಾಲ, ಗಾಳಿಯಲ್ಲಿ ಎತ್ತಿ ಹಿಡಿದ ಒಂದು ಮುಂಗಾಲು. ಆಮೇಲೆ ಒದ್ದೆಗೆ ಒಂದು ಬರಿಗಾಲಿಟ್ಟು ಸ್ಟ್ಯಾಂಡಿನ ಕಬ್ಬಿಣ ಹಿಡಿಯಲು ಕೈ ಚಾಚುತ್ತಿದ್ದ ನನ್ನ ಮಗಳು. ಕೈಗೂ ಕಬ್ಬಿಣಕ್ಕೂ ಗೇಣಿನಷ್ಟೂ ಇರಲಿಲ್ಲ.

ಕೋಲು ಬಿತ್ತು.

ನಾನು ಓಡಿ ಮೇನ್ ಸ್ವಿಚ್ ಇಳಿಸಿದೆ. ಕೂಲರಿನ ರೆಕ್ಕೆ ನಿಧಾನವಾಗಿ ನಿಂತಿತು. ಅದು ಪೂರ್ತಿ ನಿಂತ ಮೇಲೆ ಶೇಂಗಿ ಒಂದು ಕಾಲನ್ನು ನೀರಿಗೆ ಮುಟ್ಟಿಸಿತು, ಎತ್ತಿತು, ಮತ್ತೆ ಇಟ್ಟಿತು. ನೇರವಾಗಿ ಒಳಗೆ ಹೋಗಿ ಮರಿಯ ಕತ್ತಿನ ಹಿಂದೆ ಕಚ್ಚಿ ಎತ್ತಿತು. ಅರಚುತ್ತಿದ್ದ ಮರಿ ಕಾಲು ಮಡಿಸಿಕೊಂಡು ಒದ್ದೆ ಬಟ್ಟೆಯಂತೆ ಜೋತು ಬಿದ್ದು ಸುಮ್ಮನಾಯಿತು. ನಮ್ಮ ನಡುವೆಯೇ ಹಾದು ಮೆಟ್ಟಿಲಿಳಿದು ಹೋಯಿತು. ಅದು ನೀರಿನಲ್ಲೇ ನಡೆದು ಹೋದದ್ದನ್ನು ನೋಡಿದ ಮೇಲೆ ನಾನು ಮಡಿಸಿದ ಬಟ್ಟೆಯ ರಾಶಿಯ ಮೇಲೆಯೇ ಕುಳಿತೆ.

"ತನ್ನ ಮರಿ ಒಳಗ ಒದರಾಕತ್ತೈತಿ," ಎಂದರು ಓನರಮ್ಮ, ಗೋಡೆಗೆ ಒರಗಿ. "ನಾಯಿ ಇದ್ರೂ ನುಗ್ಗತೈತಿ ತಾಯಿಬೆಕ್ಕು, ಬೆಂಕಿ ಇದ್ರೂ ನುಗ್ಗತೈತಿ. ಅಂಥಾದ್ದು ಹೊಸ್ತಿಲು ದಾಟವಲ್ದು ಅಂದ್ರ ಅಲ್ಲಿ ಏನೋ ಐತಿ. ಏನು ಅಂತ ನನಗೇನ್ ಗೊತ್ತಿತ್ತು? ಕರೆಂಟು ಅಂತ ಕೈಗೆ ಹೊಳೀತು, ತಲಿಗೆ ಆಮ್ಯಾಲ."

ಸಂಜೆ ವೈರ್‌ಮನ್ ಬಂದ. ಮೇನ್ ಹಾಕಿಸಿ ಸ್ಟ್ಯಾಂಡಿಗೆ ಟೆಸ್ಟರ್ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯೊಳಗೆ ಕೆಂಪಗೆ ಹೊತ್ತಿತು. ಕೂಲರಿನ ಪಂಪಿನ ವೈರಿನ ಸಿಪ್ಪೆ ಬಿಸಿಲಿಗೆ ಸೀಳಿ ತಂತಿ ತಗಡಿಗೆ ತಾಗುತ್ತಿತ್ತು, ಅರ್ಥ್ ವೈರು ಪ್ಲಗ್ಗಿಗೆ ಸೇರಿರಲೇ ಇಲ್ಲ. "ಮಗು ಕಾಲಾಗ ಚಪ್ಪಲಿ ಇತ್ತೇನ್ರಿ?" ಎಂದು ಕೇಳಿದ. ಸಿರುಗುಪ್ಪದಿಂದ ಆಗತಾನೇ ಬಂದಿದ್ದ ನನ್ನ ಗಂಡ ನನ್ನ ಮುಖ ನೋಡಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಆಮೇಲೆ ಏಳು ಮನೆಯ ಮಾತನ್ನು ಅವರು ಎತ್ತಲಿಲ್ಲ.

ಮಗಳ ಮೊಣಕೈ ಮೇಲೆ ಕೆಂಪು ಗೆರೆ ಎದ್ದು ನೀಲಿಯಾಯಿತು. ಅವಳಿಗೆ ಗೊತ್ತಿದ್ದದ್ದು ಒಂದೇ, ಓನರಮ್ಮಜ್ಜಿ ಹೊಡೆದರು. ಎಷ್ಟು ಹೇಳಿದರೂ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಮುಖ ಆಚೆ ತಿರುಗಿಸಿ ಗೋಡೆ ಸವರುತ್ತ ಹೋಗುವಳು. ಮಿರ್ಚಿ ಕೊಟ್ಟರೂ ಮುಟ್ಟಲಿಲ್ಲ. ನನಗೆ ನಾಚಿಕೆಯಾಗಿ ಕ್ಷಮೆ ಕೇಳಲು ಹೋದೆ.

"ಬಿಡು, ಸಿಟ್ಟಿರಲಿ," ಎಂದರು ಓನರಮ್ಮ. "ಸಿಟ್ಟು ಮಾಡಾಕ ಹುಡುಗಿ ಐತಲ್ಲ, ನನಗ ಅಷ್ಟ ಸಾಕು."

ಕೂಲರನ್ನು ಗುಜರಿಗೆ ಹಾಕಿದೆವು. ಸ್ಟ್ಯಾಂಡನ್ನು ಕಿತ್ತೆಸೆದೆವು, ಗೋಡೆಯಲ್ಲಿ ತೂತುಗಳು ಉಳಿದವು. ಇಡೀ ಮನೆಯ ವೈರಿಂಗ್ ಬದಲಾಯಿತು, ಕರೆಂಟು ಸೋರಿದರೆ ತಾನೇ ಬೀಳುವ ಹೊಸ ಸ್ವಿಚ್ಚೂ ಬಂತು. ಆದರೂ ನಿದ್ದೆ ಬರಲಿಲ್ಲ. ಫ್ರಿಜ್ಜಿನ ಬಾಗಿಲನ್ನು ಹೆಬ್ಬೆಟ್ಟಿನ ಹಿಂಭಾಗದಿಂದ ಮುಟ್ಟಿ ನೋಡುವೆ. ಮಗಳು ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದರೆ ನನ್ನ ಬಾಯಿಂದ ಕೂಗು ಹೊರಡುವುದು. ಮಲಗುವ ಕೋಣೆಯ ಗೋಡೆಯಲ್ಲಿ ಹಳೇ ಪ್ಲಗ್ ಇತ್ತು ಎಂದು ಅವಳ ಹಾಸಿಗೆಯನ್ನು ನಡುಮನೆಗೆ ತಂದೆ. ಅಲ್ಲಿ ಟಿ.ವಿ. ವೈರು. ಅಡುಗೆಮನೆಯ ಬದಿಗೆ ಒಯ್ದರೆ ಗ್ರೈಂಡರ್. ಒಂದು ವಾರ ಕುರುಗೋಡಿನ ಅತ್ತೆಯ ಮನೆಗೆ ಕರೆದೊಯ್ದೆ, ಅಲ್ಲಿ ಬೋರಿನ ಮೋಟರ್. ಗಾಂಧಿನಗರದ ಅಕ್ಕನ ಮನೆಗೆ ಹೋದರೆ ಗೀಜರ್. ಗಂಡ ದಿಂಬು ಹಿಡಿದು ಹಿಂದೆ ಬರುತ್ತಿದ್ದರು, ಅವರೂ ಮಲಗುತ್ತಿರಲಿಲ್ಲ. ಒಂದು ಸಂಜೆ ಹಾಸಿಗೆ ಸುರುಳಿ ಸುತ್ತಿಕೊಂಡು ಮಾಳಿಗೆಗೆ ಹೊರಟಿದ್ದೆ. ಕೆಳಗಿನಿಂದ ಓನರಮ್ಮನ ದನಿ ಬಂತು.

"ಏನಮ್ಮಾ, ಇದು ಎಷ್ಟನೇ ಮನಿ?"

ನಾನು ಹಾಸಿಗೆಯ ಸುರುಳಿ ಸಮೇತ ಇಳಿದು ಬಂದು ಅವರ ಪಕ್ಕ ಮೆಟ್ಟಿಲ ಮೇಲೆ ಕುಳಿತೆ. ಅವರು ತಟ್ಟೆಯಲ್ಲಿದ್ದ ಅರ್ಧ ಮಿರ್ಚಿಯನ್ನು ನನ್ನ ಕೈಗಿಟ್ಟರು.

"ಬೆಕ್ಕು ಕಾರಣ ಇದ್ದಾಗ ಅಲೀತು. ಕಾರಣ ಹೋತು, ನಿಂತು. ನೀನು ಕಾರಣ ತಗದು ಗುಜರಿಗೆ ಹಾಕಿದ ಮ್ಯಾಲೂ ಅಲ್ಯಾಕತ್ತೀಯಲ್ಲ."

"ಮನೆ ಸರಿಯಾಗಿದೆ ಅಂತ ಯಾರು ಹೇಳಬೇಕು ಓನರಮ್ಮಾ?"

"ವೈರ್‌ಮನ್ ಹೇಳ್ಯಾನ, ನಂಬಲಿಲ್ಲ. ನಾ ಹೇಳೀನಿ, ನಂಬಲಿಲ್ಲ." ಅವರು ಕೋಲಿನಿಂದ ತಮ್ಮ ಬಾಗಿಲತ್ತ ತೋರಿಸಿದರು. ಅಲ್ಲಿ ಶೇಂಗಿ ಕಾಲುಗಳನ್ನು ಒಳಗೆ ಮಡಿಸಿ ಇಟ್ಟಿಗೆಯಂತೆ ಕುಳಿತಿತ್ತು, ಕಣ್ಣು ಮುಚ್ಚಿದ್ದರೂ ಕಿವಿ ತಿರುಗುತ್ತಿತ್ತು. "ಹಂಗಾದ್ರ ಅದನ್ನ ನಂಬು. ಹಿಂಗ ಕುಂತ್ರ ಅರ್ಧ ನಿದ್ದಿ, ಓಡಾಕ ತಯಾರು ಇರತೈತಿ. ಹೊಟ್ಟಿ ಅಂದ್ರ ಬೆಕ್ಕಿಗೆ ಜೀವ, ಎಲ್ಲಿ ಬೇಕಾದಲ್ಲಿ ತೋರಸಂಗಿಲ್ಲ. ಎಂದಾದ್ರೂ ನಿನ್ನ ಬಾಲ್ಕನ್ಯಾಗ ಬಂದು ಹೊಟ್ಟಿ ಮ್ಯಾಲ ಮಾಡಿ ಮಲಗಿದ್ರ, ಅವತ್ತು ನೀನೂ ಮಲಕೋ."

ಆ ಬೇಸಿಗೆ ಕಳೆಯಿತು. ಮರಿಗಳು ಒಂದೊಂದಾಗಿ ಕೌಲ್ ಬಜಾರಿನ ಅಂಗಡಿಗಳಿಗೆ ಹೋದವು. ಮಗಳ ಸಿಟ್ಟೂ ಇಳಿಯಿತು; ಒಂದು ಸಂಜೆ ಅವಳು ತಾನಾಗಿ ಹೋಗಿ ಓನರಮ್ಮನ ಪಕ್ಕ ಕುಳಿತು ಮೊಣಕೈ ಚಾಚಿ, "ನೋಡು, ಹೋಗೈತಿ," ಎಂದಳು. ಅವರು ಆ ಜಾಗವನ್ನು ಹೆಬ್ಬೆರಳಿನಿಂದ ಸುಮಾರು ಹೊತ್ತು ಸವರಿದರು. ಶೇಂಗಿ ಮಾತ್ರ ನಮ್ಮ ನಡುಮನೆಯವರೆಗೆ ಬಂದು ಬಾಲ್ಕನಿಯ ಹೊಸ್ತಿಲಲ್ಲಿ ನಿಂತು ಹಿಂದಿರುಗುತ್ತಿತ್ತು. ನಾನೂ ಅದರ ಹಿಂದೆ ನಿಂತು ನೋಡಿ ಹಿಂದಿರುಗುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಓನರಮ್ಮ ತಮ್ಮನ ಮನೆಗೆಂದು ಸಿರುಗುಪ್ಪಕ್ಕೆ ಹೋದರು. ಹೊರಡುವ ಬೆಳಿಗ್ಗೆ ಶೇಂಗಿ ಬಾಗಿಲಿಗೆ ಮುಖ ಮಾಡಿ ಕಿವಿ ದಾಟಿಸಿ ಮುಖ ತೊಳೆಯುತ್ತಿತ್ತು. "ನೋಡು, ನೆಂಟರು ಬರ್ತಾರ. ಅಕ್ಕಿ ಜಾಸ್ತಿ ಹಾಕು," ಎಂದು ಸೊಸೆಗೆ ಹೇಳಿ ಆಟೊ ಹತ್ತಿದರು. ಎರಡು ದಿನದ ಮೇಲೆ ಮಧ್ಯಾಹ್ನದ ಊಟ ಮಾಡಿ ತವರಿನ ಜಗುಲಿಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ಸಂಜೆಯ ಹೊತ್ತಿಗೆ ಅವರನ್ನು ಪಾರ್ವತಿನಗರಕ್ಕೆ ತಂದರು. ಆ ಮನೆಗೆ ನೆಂಟರು ಬಂದರು, ಅಷ್ಟು ನೆಂಟರನ್ನು ನಾನು ಅಲ್ಲಿ ಎಂದೂ ನೋಡಿರಲಿಲ್ಲ. ಮೆಟ್ಟಿಲು ತುಂಬ ಚಪ್ಪಲಿ. ಮೂರನೇ ಮೆಟ್ಟಿಲಿನ ಮೇಲೆ ಮಾತ್ರ ಯಾರೂ ಬಿಟ್ಟಿರಲಿಲ್ಲ. ಅವರ ಜೊತೆಗೇ ವಾಪಸ್ ಬಂದ ಕೋಲು ಅಲ್ಲಿ ಗೋಡೆಗೆ ಒರಗಿತ್ತು.

ಅವರ ದಿವಸದ ಊಟ ಮುಗಿಯುವವರೆಗೂ ಕೆಳಗೆ ಜನ, ಗದ್ದಲ, ಪಾತ್ರೆಗಳ ಸದ್ದು. ಅದನ್ನು ತಾಳಲಾರದೆ ಇರಬೇಕು, ಶೇಂಗಿ ಮೇಲೆ ಬಂತು. ನಡುಮನೆಯಲ್ಲಿ ನಿಲ್ಲಲಿಲ್ಲ. ಬಾಲ್ಕನಿಯ ಹೊಸ್ತಿಲಲ್ಲಿ ನಿಂತು ಒಂದು ಮುಂಗಾಲನ್ನು ಮುಂದಿಟ್ಟಿತು. ನೆಲ ಒಣಗಿತ್ತು. ನಾನು ಕೈಯಲ್ಲಿದ್ದ ಲೋಟವನ್ನು ಕೆಳಗಿಡಲೂ ಹೆದರಿ ಹಾಗೇ ನಿಂತೆ. ಅದು ಎರಡನೇ ಕಾಲಿಟ್ಟಿತು. ಸ್ಟ್ಯಾಂಡ್ ಇದ್ದ ಜಾಗವನ್ನೆಲ್ಲ ಮೂಸಿತು, ಗೋಡೆಯ ತೂತುಗಳ ಕೆಳಗೆ ಕೆನ್ನೆ ತಿಕ್ಕಿ ತನ್ನ ಮುದ್ರೆ ಒತ್ತಿತು. ಆಮೇಲೆ ಇಳಿಬಿಸಿಲಿನ ಪಟ್ಟಿಯಲ್ಲಿ ಉರುಳಿ ನಾಲ್ಕೂ ಕಾಲು ಸಡಿಲ ಬಿಟ್ಟು ಬಿಳಿ ಹೊಟ್ಟೆಯನ್ನು ಮೇಲೆ ಮಾಡಿತು. ಕಿವಿಯೂ ತಿರುಗಲಿಲ್ಲ. ಮಗಳು ಚಾಪೆ ತಂದು ಅದರ ಪಕ್ಕ ಉರುಳಿದಳು. ನಾನು ಅವಳನ್ನು ಎಬ್ಬಿಸಲಿಲ್ಲ.

ಆ ರಾತ್ರಿ ನಾವು ಮೂವರೂ ನಮ್ಮ ಕೋಣೆಯಲ್ಲಿ, ನಮ್ಮ ಹಾಸಿಗೆಯಲ್ಲಿ ಮಲಗಿದೆವು. ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಬಾಗಿಲು ತೆರೆದರೆ ಹಾಲಿನ ಪ್ಯಾಕೆಟ್ ಹೊಸ್ತಿಲಲ್ಲೇ ಬಿದ್ದು ಬೆಚ್ಚಗಾಗಿತ್ತು. ಅಷ್ಟು ಹೊತ್ತಾಗಿದ್ದರೂ, ಏನಮ್ಮಾ ಇನ್ನಾ ಎದ್ದಿಲ್ಲೇನು ಎಂದು ಕೆಳಗಿನಿಂದ ಯಾರೂ ಕೂಗಲಿಲ್ಲ. ಒಲೆಯ ಮೇಲಿಟ್ಟ ಹಾಲು ಒಡೆಯಿತು.